ಮುನ್ನೂರು ಜನರ ಫಲಕ

ಅಮೆರಿಕದ ಹುಲ್ಲುಬಯಲಿನಲ್ಲಿ ಲಾರ್ಕ್‌ಬೆಂಡ್ ಎಂಬ ಪುಟ್ಟ ಊರು. ಊರ ಬಾಗಿಲಲ್ಲೇ ಒಂದು ಫಲಕ: 'ಜನಸಂಖ್ಯೆ ಮುನ್ನೂರು'. ಮಗು ಹುಟ್ಟಿದಾಗಲೆಲ್ಲ ಕಮ್ಮಾರ ಓಲಾಫ್ ಬಣ್ಣದ ಡಬ್ಬಿ ಹಿಡಿದು ಬಂದು ಅಂಕಿ ಏರಿಸುತ್ತಿದ್ದ. ರೈಲು ನಿಲ್ಲುವುದು ತಪ್ಪಿದ ಮೇಲೆ ಜನ ಒಬ್ಬೊಬ್ಬರೇ ಹೊರಟರು, ಓಲಾಫನೂ ಹೊರಟ. ಇನ್ನು ಅಂಕಿ ಇಳಿಸುವವರು ಯಾರು ಹೇಳಿ?

ಒಂದು ದಿನ, ಬುಡ ಕಳಚಿಕೊಂಡು ಗಾಳಿಗೆ ಉರುಳುತ್ತಿದ್ದ ಒಣ ಮುಳ್ಳುಪೊದೆಯೊಂದು ಬಂದು ಫಲಕದ ಕಂಬಕ್ಕೆ ಸಿಕ್ಕಿಕೊಂಡಿತು.

"ಮುನ್ನೂರಂತೆ ಮುನ್ನೂರು. ಕೋಳಿಗೆ ಕಾಳು ಹಾಕುವ ಒಬ್ಬ ಅಜ್ಜಿಯನ್ನು ಬಿಟ್ಟರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ," ಎಂದಿತು ಪೊದೆ.

"ಹೊರಗೆ ಹೋಗಿದ್ದಾರೆ, ಬರುತ್ತಾರೆ. ಅಲ್ಲಿಯವರೆಗೆ ನೀನಾದರೂ ಇದ್ದುಬಿಡು ಮಾರಾಯ," ಎಂದಿತು ಫಲಕ.

"ಗಾಳಿ ತಿರುಗುವ ತನಕ ಇರುತ್ತೇನೆ. ನಿನ್ನ ಊರಿನವರೂ ಹಾಗೇ ಇದ್ದವರಲ್ಲವೇ?"

ಸಂಜೆಗೆ ಗಾಳಿ ತಿರುಗಿತು, ಪೊದೆ ಹೊರಟೇ ಹೋಯಿತು. ಆದರೆ ಅದು ಉದುರಿಸಿದ ಬೀಜವೊಂದು ವಸಂತ ಬಂದಾಗ ಕಂಬದ ಬುಡದಲ್ಲೇ ಮೊಳೆಯಿತು.

ಫಲಕ ಹಿಗ್ಗಿಹೋಗಿ, ತನ್ನ ತಲೆಯ ಮೇಲೆ ಕೂತ ಹಕ್ಕಿಗೆ ಹೇಳಿತು: "ನೋಡು, ನಮ್ಮೂರಲ್ಲೇ ಹುಟ್ಟಿದ್ದು."

"ಒಣಗಿದ ಮೇಲೆ ಅದೂ ಉರುಳಿಕೊಂಡು ಹೋಗುತ್ತದಣ್ಣ."

"ಗೊತ್ತಮ್ಮ," ಎಂದಿತು ಫಲಕ. "ಆದರೂ ಹಾರುವ ದಾರಿಯಲ್ಲಿ ಎಲ್ಲಾದರೂ ಆ ಓಲಾಫ್ ಕಂಡರೆ ಹೇಳು, ಅಂಕಿ ಒಂದು ಏರಿಸುವುದಿದೆ."