ಬೆಳ್ಳಿ ಅಂಬಾರಿಗೆ ಕಾಲುಂಗುರ

ಹುಲಿಕೋಟೆಯ ರಾಜ ರಣಭೈರವನಿಗೆ ಯುದ್ಧ ಮಾಡಿ ಅಭ್ಯಾಸವಿರಲಿಲ್ಲ. ಮೆರವಣಿಗೆ ಹೋಗಿ ಅಭ್ಯಾಸವಿತ್ತು. ಪಕ್ಕದ ರಾಜ್ಯದ ಅರಸ ಬೆಳ್ಳಿ ಅಂಬಾರಿಯಲ್ಲಿ ಮೆರೆದನೆಂಬ ಸುದ್ದಿ ಬಂದ ದಿನದಿಂದ ಅವನಿಗೆ ತನ್ನ ಮರದ ಅಂಬಾರಿ ಕಂಡರೆ ಮೈ ಉರಿಯುತ್ತಿತ್ತು.

ಅದೇ ವಾರ ಅರಮನೆಯ ಅಂಗಳದಲ್ಲಿ ಹೆಂಗಸರ ಕೋಲಾಟವಿತ್ತು. ಚೌಕಳಿ ಸೀರೆ, ಖಣದ ಕುಪ್ಪಸ, ನಡುವಿಗೆ ಬೆಳ್ಳಿ ಡಾಬು, ತೋಳಿಗೆ ವಂಕಿ, ಕಾಲಿಗೆ ಕಡಗ, ಬೆರಳಿಗೆ ಕಾಲುಂಗುರ. ನಲವತ್ತು ಹೆಂಗಸರು ಒಟ್ಟಿಗೆ ಹೆಜ್ಜೆಯಿಟ್ಟರೆ ಅಂಗಳವೇ ಝಲ್ಲೆನ್ನುತ್ತಿತ್ತು. ಎಲ್ಲರೂ ಕುಣಿತ ನೋಡಿದರು. ರಾಜ ಮಾತ್ರ ಕಣ್ಣಲ್ಲೇ ಬೆಳ್ಳಿ ತೂಗಿದ.

“ಆಹಾ! ನನ್ನ ರಾಜ್ಯದ ಬೆಳ್ಳಿಯೆಲ್ಲ ಬೀದಿಯಲ್ಲಿ ಓಡಾಡುತ್ತಿದೆ! ಹೆಂಗಸರ ಮೈಮೇಲಿನ ಬೆಳ್ಳಿ ಮೂರು ದಿನದೊಳಗೆ ಅರಮನೆಗೆ ಬರಬೇಕು. ಒಬ್ಬಳನ್ನೂ ಬಿಡಕೂಡದು. ಪಕ್ಕದವನದಕ್ಕಿಂತ ಎರಡು ಪಟ್ಟು ದೊಡ್ಡ ಅಂಬಾರಿ ಮಾಡಿಸುತ್ತೇನೆ!”

“ಆನೆ ಅಷ್ಟು ಭಾರ ಹೊರುತ್ತದೆಯೇ, ಪ್ರಭು? ಅದಕ್ಕೆ ಈಗಲೇ ಮಂಡಿನೋವು,” ಎಂದ ವಿದೂಷಕ ಬೊಮ್ಮರಸ. ಆಸ್ಥಾನದಲ್ಲಿ ರಾಜನ ಎದುರು ಬಾಯಿಬಿಡುವ ಧೈರ್ಯ ಇದ್ದದ್ದು ಅವನೊಬ್ಬನಿಗೇ.

“ಆನೆಯ ಚಿಂತೆ ಆನೆಗಿರಲಿ,” ಎಂದ ರಾಜ. ಡಂಗುರ ಹೊರಟೇಬಿಟ್ಟಿತು.

ಸಂಜೆ ಕೋಲಾಟದ ಮುಂದಾಳು ದ್ಯಾಮವ್ವ ಬೊಮ್ಮರಸನ ಮನೆ ಬಾಗಿಲಿಗೆ ಬಂದಳು. ಅತ್ತೂ ಅತ್ತೂ ಕಣ್ಣು ಕೆಂಪಾಗಿದ್ದವು.

“ಈ ಡಾಬು ನಮ್ಮವ್ವಂದು, ಅಣ್ಣಾರ. ಸಾಯೂಕಿಂತ ಮೊದಲ ತಾನ ನನ್ನ ನಡಕ್ಕ ಕಟ್ಟಿದ್ಲು. ಇದು ಹೋದ್ರ ಅವ್ವನ ಗುರುತು ಅಂತ ಮನ್ಯಾಗ ಮತ್ತೊಂದಿಲ್ಲ. ಮ್ಯಾಲ ಕಾಲುಂಗುರಾನೂ ಬಿಚ್ಚಬೇಕಂತ! ನನ್ನ ಗಂಡ ಭರಮಪ್ಪ ಅರಮನಿ ಪಲ್ಲಕ್ಕಿ ಹೊರತಾನ, ಗುಂಡಕಲ್ಲಿನಂಗ ಅದಾನ. ಅಂವ ಬದುಕಿರಬೇಕಾದ್ರ ನಾ ಕಾಲುಂಗುರ ತೆಗದ್ರ ಮಂದಿ ಏನಂದಾರು?”

“ಏನಂದಾರು?”

“ಗಂಡ ಸತ್ತ ಅಂತಾರ!”

ಬೊಮ್ಮರಸ ಕುಳಿತಲ್ಲಿಂದ ಎದ್ದುನಿಂತ. “ಅನ್ನಲಿ ಬಿಡು, ತಂಗಿ. ಡಾಬು, ವಂಕಿ, ಕಡಗ ಹಾಗೇ ಇರಲಿ. ಮೊದಲು ಕಾಲುಂಗುರವನ್ನೇ ಕೊಡಿ. ಊರ ಹೆಂಗಸರಿಗೆಲ್ಲ ಹೇಳು.”

ದ್ಯಾಮವ್ವ ದಂಗಾಗಿ ನಿಂತಳು. ಆಮೇಲೆ ಅವನು ಕಿವಿಯಲ್ಲಿ ಇನ್ನೆರಡು ಮಾತು ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಮನೆಗೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ರಾಜನಿಗೆ ಮುಖ ತೊಳೆಯಲು ನೀರು ಬರಲಿಲ್ಲ. ಕೂಗಿದ; ಯಾರೂ ಓಗೊಡಲಿಲ್ಲ. ತಾನೇ ಹೊರಗೆ ಬಂದು ನೋಡಿದರೆ ಬಾಗಿಲ ಕಾವಲುಗಾರ ಈಟಿಯ ಪಕ್ಕ ಉದ್ದಕ್ಕೆ ಮಲಗಿದ್ದಾನೆ. ಅಡುಗೆಭಟ್ಟ ಒಲೆಯ ಮುಂದೆ ಅಂಗಾತ ಬಿದ್ದಿದ್ದಾನೆ. ಅಂಗಳದಲ್ಲಿ ಪಲ್ಲಕ್ಕಿ ಹೊರುವ ನಾಲ್ವರು ಸಾಲಾಗಿ ಕಂಬಳಿ ಹೊದ್ದಿದ್ದಾರೆ. ದಳವಾಯಿ ಮಾತ್ರ ಮೀಸೆ ತಿರುವಿಕೊಂಡೇ ಮಲಗಿದ್ದಾನೆ.

ರಾಜ ಭರಮಪ್ಪನ ಕಂಬಳಿ ಎಳೆದ. “ಏಳೋ! ಏನಾಗಿದೆ ನಿನಗೆ?”

ಭರಮಪ್ಪ ಒಂದು ಕಣ್ಣು ತೆರೆದ. “ಸತ್ತೀನ್ರೀ, ದೊರಿ,” ಎಂದು ಮತ್ತೆ ಮುಚ್ಚಿಕೊಂಡ.

“ಬೊಮ್ಮರಸಾ! ಏನಿದು ಹುಚ್ಚಾಟ?”

ದೊಡ್ಡದೊಂದು ಬುಟ್ಟಿ ಎತ್ತಿಕೊಂಡು ಬೊಮ್ಮರಸ ಬಂದ. ಬುಟ್ಟಿಯ ತುಂಬ ಕಾಲುಂಗುರ. “ತಮ್ಮ ಆಜ್ಞೆ ಪಾಲನೆಯಾಗಿದೆ, ಪ್ರಭು. ಕಾಲುಂಗುರ ಬಿಚ್ಚಿದರೆ ಗಂಡ ಹೋದನೆಂದು ಲೆಕ್ಕ. ಊರ ಹೆಂಗಸರೆಲ್ಲ ಬಿಚ್ಚಿದ್ದಾರೆ. ಗಂಡಸರು ಬದುಕಿದ್ದರೆ ತಮ್ಮ ಆಜ್ಞೆಗೆ ಅವಮಾನವಲ್ಲವೇ?”

“ಇವರಿಗೆಲ್ಲ ಛಡಿ ಏಟು ಹಾಕಿಸುತ್ತೇನೆ!”

“ಹಾಕಿಸಬೇಕು. ಛಡಿ ಹೊಡೆಯುವವನು ಅಗೋ, ತುಳಸಿಕಟ್ಟೆಯ ಆಚೆ ಸತ್ತಿದ್ದಾನೆ.”

ರಾಜ ಹಲ್ಲು ಕಡಿದ. “ನೀನೊಬ್ಬ ಹೇಗೆ ಬದುಕಿದ್ದೀಯೆ?”

“ನನಗೆ ಮದುವೆಯಾಗಿಲ್ಲ, ಪ್ರಭು. ಸಾಯಿಸುವವರಿಲ್ಲ.” ಬೊಮ್ಮರಸ ಬುಟ್ಟಿ ಕೆಳಗಿಟ್ಟ. “ಇನ್ನು ಒಂದೇ ಒಂದು ಜೊತೆ ಬಾಕಿ. ಒಬ್ಬಳನ್ನೂ ಬಿಡಕೂಡದು ಎಂದಿದ್ದಿರಲ್ಲ? ಮಹಾರಾಣಿಯವರಿಗೆ ಕೊರಳಿಗೆ ಚಿನ್ನ, ಕೈಗೆ ಚಿನ್ನ. ಆದರೆ ಚಿನ್ನವನ್ನು ಕಾಲಿಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಅವರ ಕಾಲುಂಗುರವೂ ಬೆಳ್ಳಿಯೇ. ಪಾಪ, ಬೆಳಗಿನಿಂದ ಕೂತು ಹರಳೆಣ್ಣೆ ಹಚ್ಚಿ ಎಳೆಯುತ್ತಿದ್ದಾರೆ. ಎಡಗಾಲಿನದು ಅರ್ಧ ಬಂದಿದೆಯಂತೆ.”

ರಾಜನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

“ತಡೆ! ಎಳೆಯಬೇಡ! ಬೇಡ ಕಣೇ!” ಎಂದು ಕೂಗುತ್ತ, ಹುಲಿಕೋಟೆಯ ಅರಸ ಬರಿಗಾಲಲ್ಲಿ ಅಂತಃಪುರಕ್ಕೆ ಓಡಿದ. ಅವನು ಅಷ್ಟು ವೇಗವಾಗಿ ಓಡಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಸತ್ತವರೆಲ್ಲ ತಲೆಯೆತ್ತಿ ನೋಡಿದರು.

ಹಿಂದಿರುಗುವಾಗ ಅವನಿಗೇ ನಗು ತಡೆಯಲಾಗಲಿಲ್ಲ. “ಆಜ್ಞೆ ವಾಪಸ್ಸು! ಡಾಬು, ಕಡಗ, ಕಾಲುಂಗುರ ಎಲ್ಲ ಅವರವರ ಮೈಮೇಲೇ ಇರಲಿ. ಏಳ್ರಯ್ಯಾ, ಹಸಿವಾಗುತ್ತಿದೆ!”

ಎಲ್ಲರಿಗಿಂತ ಮೊದಲು ಅಡುಗೆಭಟ್ಟ ಜೀವ ತಳೆದ. ಬಾಗಿಲಾಚೆ ಕಾದಿದ್ದ ದ್ಯಾಮವ್ವ ಒಳಬಂದು ಬುಟ್ಟಿಯಿಂದ ತನ್ನ ಕಾಲುಂಗುರ ಹೆಕ್ಕಿಕೊಂಡು, ಅಲ್ಲೇ ಕೂತು ಬೆರಳಿಗೇರಿಸಿದಳು. ಎದ್ದಾಗ ಅವ್ವನ ಡಾಬಿನ ಮೇಲೆ ಒಮ್ಮೆ ಕೈಯಾಡಿಸಿದಳು.

“ಬೊಮ್ಮರಸಾ, ನಿನಗೆ ಬಹುಮಾನ ಕೊಡಲೇಬೇಕು,” ಎಂದ ರಾಜ. “ನಾನೇ ಮುಂದೆ ನಿಂತು ನಿನ್ನ ಮದುವೆ ಮಾಡಿಸುತ್ತೇನೆ.”

ಬೊಮ್ಮರಸ ಕೈಮುಗಿದ. “ಬೇಡ, ಪ್ರಭು. ತಾವು ಮುಂದಿನ ಆಜ್ಞೆ ಹೊರಡಿಸುವಾಗ ಈ ಊರಲ್ಲಿ ಒಬ್ಬನಾದರೂ ಬದುಕಿರಬೇಕಲ್ಲ!”