ಬಾವಿ ನೀರಿಗೆ ಹಿಡಿದ ಬೆಳಕು

೨೦೦೭ನೇ ಇಸವಿ, ಜೂನ್ ೧೪. ಹಿಂದಿನ ದಿನವೆಲ್ಲ ಸುರಿದ ಮಳೆ ನಿಂತಿತ್ತು. ಮೋಡ ಹಾಗೇ ಇತ್ತು, ಗಾಳಿಯಿರಲಿಲ್ಲ.

ನದಿಯ ದಡದ ಸಣ್ಣ ಪ್ರಯೋಗಾಲಯದಲ್ಲಿ ಗುರು ತಿಪ್ಪೇಸ್ವಾಮಿ, ಶಿಷ್ಯ ಓಬಳೇಶ. ಬಾಗಿಲ ಬಳಿ ಮಾರಕ್ಕ ಕುಳಿತಿದ್ದಳು.

ಮಾರಕ್ಕನ ಕೇರಿಗೆ ಇರುವುದು ಒಂದೇ ಬಾವಿ. ಚರ್ಮದ ಕಾರ್ಖಾನೆಯ ಗುಂಡಿಯಿಂದ ಅದಕ್ಕೆ ಕೊಳೆ ಇಳಿಯುತ್ತಿದೆ ಎಂದು ಕೇರಿಯವರು, ಇಲ್ಲವೆಂದು ಕಾರ್ಖಾನೆಯವರು. ಕೊನೆಗೆ ಎಲ್ಲರ ಎದುರೇ ಗುಂಡಿಗೆ ಒಂದು ಬಣ್ಣ ಸುರಿದಿದ್ದರು. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ಬಣ್ಣ. ಬಾವಿಯ ನೀರಿನಲ್ಲಿ ಆ ಹೊಳಪು ಯಂತ್ರಕ್ಕೆ ಕಂಡರೆ ಗುಂಡಿ ಮುಚ್ಚಬೇಕು. ವಿಚಾರಣೆ ಅಂದೇ ಮಧ್ಯಾಹ್ನ, ಬಸ್ಸಿನಲ್ಲಿ ಹೋಗಬೇಕಾದ ಪೇಟೆಯಲ್ಲಿ.

ಮಳೆಗೆ ಮೊದಲು ತುಂಬಿಟ್ಟ ನೀರು ಒಂದೇ ಬಾಟಲಿ. ಈಗ ಬಾವಿಯಲ್ಲಿ ಇದ್ದದ್ದು ಮಳೆಯ ನೀರು.

"ಅಂಕಿ ಕುಣೀತಿದೆ ಸಾರ್," ಎಂದ ಓಬಳೇಶ. "ಮೊದಲು ಏರಿತು, ಈಗ ಇಳೀತಿದೆ."

"ಯಂತ್ರದ ದೀಪ ಹೊತ್ತಿಸಿ ಎಷ್ಟು ಹೊತ್ತಾಯಿತು?"

"ಈಗಷ್ಟೇ. ಒಂದು ಸಲ ನೋಡೋದು, ಆರಿಸೋದು. ಇದಕ್ಕೆ ಹೊಂದೋ ದೀಪ ಈಗ ಯಾರೂ ಮಾಡಲ್ಲ, ಇದೇ ಕೊನೇದು, ಸವೀಬಾರದು ಅಂತ."

"ಬೆಳಕಿನ ಕಿಂಡಿ?"

"ಪೂರ್ತಿ ತೆಗೆದಿದ್ದೀನಿ. ಬೆಳಕು ಜಾಸ್ತಿ ಬಿದ್ದರೆ ಹೊಳಪೂ ಜಾಸ್ತಿ ಅಲ್ವಾ ಸಾರ್?"

ಗುರುಗಳು ಯಂತ್ರದೊಳಗಿನ ಗಾಜಿನ ಪಾತ್ರೆ ತೆಗೆದು ನೀರನ್ನು ಚೆಲ್ಲಿಬಿಟ್ಟರು.

ಮಾರಕ್ಕ ದಡಕ್ಕನೆ ಎದ್ದಳು. "ಅಯ್ಯೋ ಸಾಮಿ! ಮುಸುರೆ ನೀರು ಅಂದ್ಕೊಂಡ್ರಾ ಅದನ್ನ?"

"ಇದರಲ್ಲಿದ್ದ ಬಣ್ಣ ಸತ್ತುಹೋಗಿದೆ ತಾಯಿ. ಇವನು ಬೆಳಕು ಸುರಿದು ಸುಟ್ಟುಬಿಟ್ಟ."

ಓಬಳೇಶ ಬಾಟಲಿ ಎತ್ತಿ ನೋಡಿದ. ಇನ್ನೊಂದು ಸಲಕ್ಕೆ ಆಗುವಷ್ಟು ಮಾತ್ರ ಉಳಿದಿತ್ತು.

ಗುರುಗಳು ದೀಪ ಹೊತ್ತಿಸಿದರು. ಅದರ ಮುಂದಿನ ಕದ ಮುಚ್ಚಿದರು. ಏನನ್ನೂ ಒಳಗಿಡದೆ ಕುರ್ಚಿ ಎಳೆದುಕೊಂಡು ಕುಳಿತರು.

"ಸಾರ್, ದೀಪ ಉರೀತಿದೆ."

"ಉರೀಲಿ."

"ಸುಮ್ಮನೆ ಸವೀತಿದೆ ಸಾರ್!"

"ಹೊತ್ತಿಸಿದಾಗಲೆಲ್ಲ ಅದಕ್ಕೆ ಪೆಟ್ಟು ಬೀಳುತ್ತೆ. ಬೆಳಿಗ್ಗೆಯಿಂದ ಉಳಿಸ್ತೀನಿ ಅಂತ ಎಷ್ಟು ಪೆಟ್ಟು ಕೊಟ್ಟೆ?"

ಓಬಳೇಶ ತಲೆ ತಗ್ಗಿಸಿದ. "ಹೊತ್ತಿದ ಮೇಲೂ ಯಾಕೆ ಕಾಯಬೇಕು?"

"ನಿದ್ದೆಯಿಂದ ಆಗಷ್ಟೇ ಎದ್ದವನ ಕೈಗೆ ಸೂಜಿ ದಾರ ಕೊಡ್ತೀಯಾ?"

"ನಮ್ಮನೆಯವರಿಗೆ ಮಧ್ಯಾಹ್ನ ಆದರೂ ಕೊಡೋಕಾಗಲ್ಲ ಸಾಮಿ," ಎಂದಳು ಮಾರಕ್ಕ.

ಮೂವರೂ ಕಾದರು. ದೀಪದ ಬೆಳಕು ತೋರಿಸುವ ಅಂಕಿಯ ಕುಣಿತ ನಿಂತಿತು.

ಗುರುಗಳು ಕಿಂಡಿಯನ್ನು ಕೂದಲೆಳೆಯಷ್ಟಕ್ಕೆ ಇಳಿಸಿದರು.

"ಇಷ್ಟೇನಾ ಸಾರ್?"

"ನೀರನ್ನ ಮಾತಾಡಿಸೋಕೆ ಸಾಕು. ಹೆದರಿಸೋಕಲ್ಲ ಇದು."

ಮೊದಲು ಶುದ್ಧ ನೀರಿಟ್ಟು, ಕದ ತೆರೆದು ನೋಡಿ ಮತ್ತೆ ಮುಚ್ಚಿದರು. ಯಂತ್ರದ ತೆರೆಯ ಮೇಲಿನ ಗೆರೆ ಸಪಾಟಾಗಿ ಮಲಗಿತ್ತು.

ಓಬಳೇಶ ಬಾಟಲಿಯ ಕೊನೆಯ ನೀರು ಸುರಿದು ಒಳಗಿಟ್ಟ. ಗುರುಗಳು ಕದ ತೆರೆದರು.

ಗೆರೆ ಸ್ವಲ್ಪ ದೂರ ಸಪಾಟಾಗಿ ಹೋಯಿತು. ಹಸಿರು ಬರಬೇಕಾದ ಜಾಗದಲ್ಲಿ ತಲೆಯೆತ್ತಿತು. ಏರಿತು. ನಿಂತಿತು. ಇಳಿಯಿತು.

ಇನ್ನೊಮ್ಮೆ ನೋಡಿದರು. ಅದೇ ಜಾಗ, ಅದೇ ಎತ್ತರ.

"ಬಂತು ಸಾರ್! ಬಂತು!"

ಮಾರಕ್ಕ ತೆರೆಯ ಹತ್ತಿರ ಬಗ್ಗಿದಳು. "ಈ ಗುಡ್ಡ ನಮ್ಮ ಬಾವೀದಾ?"

"ಅವರ ಗುಂಡೀದು ತಾಯಿ. ನಿಮ್ಮ ಬಾವಿಯಲ್ಲಿ ಸಿಕ್ಕಿತು."

ಮಾರಕ್ಕ ಜೋರಾಗಿ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಇಲ್ಲ ಇಲ್ಲ ಅಂತಿದ್ರಲ್ಲ, ಈಗ ಅನ್ನಲಿ ನೋಡೋಣ!"

ಗೆರೆ ಕಾಗದದ ಮೇಲೆ ಅಚ್ಚಾಗಿ ಬಂತು. ಅಷ್ಟರಲ್ಲಿ ಯಂತ್ರದೊಳಗೆ ಟಪ್ ಎಂದಿತು. ಓಬಳೇಶ ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ. ದೀಪ ಹೊತ್ತಲಿಲ್ಲ.

"ಹೋಯಿತು ಸಾರ್."

"ಹೂಂ."

"ಈ ದೀಪಾನ ಯಾತಕ್ಕೆ ಎತ್ತಿಟ್ಟಿದ್ದಿರಿ?"

"ಹೊಂಗೆ ಬೀಜದ ಹೊಳಪು ಅಳೆಯೋಕೆ. ನನ್ನ ಪುಸ್ತಕದ ಕೊನೆ ಅಧ್ಯಾಯಕ್ಕೆ."

ಓಬಳೇಶ ಅಚ್ಚಾದ ಕಾಗದವನ್ನು ಕೈಗೆತ್ತಿಕೊಂಡ. "ಇನ್ನು ಆ ಅಧ್ಯಾಯ?"

"ನಿನ್ನ ಕೈಯಲ್ಲಿದೆಯಲ್ಲ. ಓಡು, ಬಸ್ಸು ಹೊರಡುತ್ತೆ."