ದೀಪ ಆರಿದ ಹಗೇವು

ಚೈತ್ರ ಬಹುಳ ತದಿಗೆ, ಮಂಗಳವಾರ. ಬೆಳಗಿನಿಂದಲೇ ಬಿಸಿಲು ಬಿರುಸಾಗಿತ್ತು, ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಎರೆಗೋಟೆಯ ಬೀದಿಗಳಲ್ಲಿ ಡಂಗುರದವನು ಹೊರಟ.

"ಕೇಳ್ರಪ್ಪೋ ಕೇಳ್ರಿ. ಯುವರಾಜರು ಅರಮನೆಯ ಹಗೇವಿನಲ್ಲಿ ತೀರಿಕೊಂಡು ಇಂದಿಗೆ ವರ್ಷ. ದೊರೆ ಸೋಮನಾಯಕರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಸಂಜೆಗೆ ಅದೇ ಹಗೇವಿಗೆ ಇಳಿಸಿ ಬಾಯಿ ಮುಚ್ಚುತ್ತಾರೆ. ಯಾರೂ ಬಿಡಿಸದಿದ್ದರೆ ಸೆರೆಯಲ್ಲಿರುವ ಹುಲಿಗೆಪ್ಪನೇ ಕೊಲೆಗಾರ, ಅವನನ್ನೂ ಇಳಿಸುತ್ತಾರೆ."

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಅದನ್ನು ತೆರೆಯುವುದು, ಮುಚ್ಚಿ ಮಣ್ಣು ಮೆತ್ತುವುದು ಹುಲಿಗೆಪ್ಪನ ಮನೆತನದ ಕೆಲಸ. ಅವನನ್ನು ಹಿಡಿದೊಯ್ಯುವಾಗ ಅವನು ಮಗಳು ದುರುಗವ್ವನಿಗೆ ಒಂದೇ ಮಾತು ಹೇಳಿದ್ದ. "ಆ ದಿನ ಹಗೇವಿನ ಬಾಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳಬೇಡ. ಮಗನನ್ನು ಕಳಕೊಂಡವನಿಗೆ ಅದನ್ನು ಹೇಳುವ ಬಾಯಿ ನಮ್ಮದಾಗಬಾರದು." ಕೇಳಿದವರಿಗೆಲ್ಲ ಅವನು ತಪ್ಪು ತನ್ನದೇ ಎಂದುಬಿಟ್ಟಿದ್ದ.

ಡಂಗುರ ಕೇಳಿ ದುರುಗವ್ವ ಕೈಯ ಮಣ್ಣು ತೊಳೆದುಕೊಂಡು ಕೋಟೆಗೆ ಹೋದಳು.

ಜೋಳದ ಸಮೇತ ವರ್ಷದಿಂದ ಮುಚ್ಚಿದ್ದ ಹಗೇವನ್ನು ಆ ಬೆಳಿಗ್ಗೆ ತೆರೆದಿದ್ದರು. ಪಕ್ಕದಲ್ಲಿ ದೊರೆ ಕೂತಿದ್ದ. ಕೈ ಕಟ್ಟಿಸಿಕೊಂಡ ಇಬ್ಬರು ಅವನೆದುರು ನೆಲದ ಮೇಲಿದ್ದರು. ಮೊದಲ ಒಗಟಿಗೇ ತಪ್ಪಿದವರು. ಒಳಗೆ ಭೂತವಿದೆ ಎಂದಿದ್ದವರು ಅನಂತಭಟ್ಟರು. ವಿಷದ ಹಾವಿದೆ ಎಂದಿದ್ದವನು ವೈದ್ಯ ರಾಚಯ್ಯ. "ಹೋದ ವರ್ಷವೇ ಮೇಲಿನಿಂದ ಕೊಕ್ಕೆ ಹಾಕಿ ಗುಂಡಿ ಜಾಲಾಡಿಸಿದ್ದೇನೆ, ಹಾವಿನ ಪೊರೆಯೂ ಸಿಗಲಿಲ್ಲ" ಎಂದು ದೊರೆ ಅವನನ್ನೂ ಕಟ್ಟಿಸಿದ್ದ.

"ಓದಿದವರಿಗೇ ಈ ಗತಿ," ಎಂದರು ಭಟ್ಟರು. "ಮಣ್ಣು ಮೆತ್ತುವವಳು ನೀನೇನು ಹೇಳುತ್ತೀಯವ್ವಾ?"

"ಮೆತ್ತಿದ್ದು ಇದೇ ಬಾಯಿಗೆ, ಸ್ವಾಮಿ."

ದೊರೆ ಮೊದಲನೆಯದನ್ನು ಕೇಳಿದ. "ನನ್ನ ಮಗ ಒಬ್ಬನೇ ಇಳಿದ. ಮೈಮೇಲೆ ಗಾಯವಿರಲಿಲ್ಲ. ಅವನಿಗಿಂತ ಮೊದಲೇ ಒಳಗಿದ್ದು ಉಸಿರಾಡುತ್ತಿದ್ದವರು ಯಾರು?"

"ಜೋಳ, ದೊರೆಗಳೇ."

ಯಾರೋ ನಕ್ಕರು. ಅವಳು ಮುಂದುವರಿಸಿದಳು. "ಬಿತ್ತಿದರೆ ಮೊಳೆಯುತ್ತದೆ, ಸತ್ತದ್ದು ಮೊಳೆಯುವುದಿಲ್ಲ. ಜೀವವಿದ್ದದ್ದು ನಿಧಾನಕ್ಕಾದರೂ ಉಸಿರಾಡಲೇಬೇಕು. ತೇವ ಹಿಡಿದ ರಾಶಿಯೊಳಗೆ ಕೈ ತೂರಿಸಿದರೆ ಜ್ವರದ ಮೈ ಮುಟ್ಟಿದ ಹಾಗಿರುತ್ತದೆ."

ದೊರೆ ತಲೆಯಾಡಿಸಿದ. "ಮಗನ ಕೈಯ ದೀಪ ಮೇಲೆ ಬಂದಾಗ ಎಣ್ಣೆ ಇನ್ನೂ ಇತ್ತು. ಬತ್ತಿ ನೆನೆದಿರಲಿಲ್ಲ. ಗಾಳಿ ಬೀಸುವ ಜಾಗವೂ ಅಲ್ಲ. ಆದರೂ ಆರಿತ್ತು. ಮನುಷ್ಯನನ್ನೂ ದೀಪವನ್ನೂ ಒಂದೇ ಏಟಿಗೆ ಕೊಲ್ಲುವುದು ಯಾವುದು?"

ದುರುಗವ್ವ ಒಂದು ದೀಪ, ಒಂದು ಹಗ್ಗ ಕೇಳಿ ಪಡೆದಳು. ಹಚ್ಚಿ ಇಳಿಬಿಟ್ಟಳು. ಎರಡು ಮಾರು ಇಳಿಯುವವರೆಗೆ ಉರಿಯಿತು. ಮೂರನೆಯದಕ್ಕೆ ಸಣ್ಣಗಾಯಿತು, ಮತ್ತೆ ಕಾಣಲಿಲ್ಲ. ಮೇಲೆಳೆದು ಹಚ್ಚಿ ಇನ್ನೊಮ್ಮೆ ಇಳಿಸಿದಳು. ಅದೇ ಜಾಗದಲ್ಲಿ ಆರಿತು. ಭಟ್ಟರು ಕಟ್ಟಿದ ಕೈಯಲ್ಲೇ ಜನಿವಾರ ತಡಕಿದರು.

"ಉಸಿರಾಡಿ ಬಿಟ್ಟ ಗಾಳಿ," ಎಂದಳು. "ದೀಪ ಎಣ್ಣೆ ಉಣ್ಣುತ್ತದೆ, ನಾವು ರೊಟ್ಟಿ ಉಣ್ಣುತ್ತೇವೆ, ಜೋಳ ತನ್ನನ್ನೇ ಉಣ್ಣುತ್ತದೆ. ಮೂವರಿಗೂ ಬೇಕಾದ ಗಾಳಿ ಒಂದೇ, ಬಿಡುವುದೂ ಒಂದೇ. ಮೂವರ ಬೆಂಕಿಯೂ ಒಂದೇ. ದೀಪದ್ದು ಕಣ್ಣಿಗೆ ಕಾಣುತ್ತದೆ, ನಮ್ಮದು ಮೈಯ ಬಿಸಿಯಾಗಿ ಇರುತ್ತದೆ. ಬಿಟ್ಟ ಗಾಳಿ ಭಾರ, ಬಾವಿಯ ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ಅದಕ್ಕೇ ಬಾಯಿ ತೆರೆದು ಒಂದು ದಿನ ಕಾಯಬೇಕು. ಕಂಬಳಿಯಿಂದ ಬೀಸಬೇಕು. ಆಮೇಲೆ ದೀಪ ಇಳಿಸಬೇಕು. ದೀಪ ಬದುಕಿದರೆ ಮನುಷ್ಯ ಇಳಿಯಬೇಕು. ಇದು ನಮ್ಮ ಮನೆತನದ ಕ್ರಮ."

ದೊರೆ ಹಗೇವಿನ ಬಾಯಿಯತ್ತ ತಿರುಗಿದ. ಮೂರನೆಯದನ್ನು ಕೇಳುವಾಗ ದನಿ ಇಳಿದಿತ್ತು. "ಕ್ರಮ ಮುರಿದವರು ಯಾರು? ನನ್ನ ಮಗನನ್ನು ಅದರೊಳಗೆ ಬಿಟ್ಟವರು ಯಾರು?"

ರಾಚಯ್ಯ ಪಿಸುಗುಟ್ಟಿದ. "ನಿನ್ನಪ್ಪನ ಹೆಸರು ಹೇಳು, ತಂಗಿ. ಅವನಿಗೆ ವಯಸ್ಸಾಗಿದೆ. ದೊರೆ ಕೇಳಬೇಕೆಂದಿರುವುದೂ ಅದನ್ನೇ. ಖುಷಿಯಾದರೆ ನಮ್ಮನ್ನೂ ಬಿಟ್ಟಾನು."

ಅಪ್ಪನ ಹೆಸರು ಹೇಳಿದರೆ ಅಪ್ಪ ಗುಂಡಿಗೆ. ಇನ್ನೊಂದು ಹೆಸರು ಹೇಳಿದರೆ ಅವಳೇ ಗುಂಡಿಗೆ, ಕೊಟ್ಟ ಮಾತೂ ಹೋಗುತ್ತದೆ. ಸುಮ್ಮನಿದ್ದರೆ ನಾಲ್ವರೂ. ನೆರಳು ಆಗಲೇ ಗೋಡೆಯ ಬುಡ ಬಿಟ್ಟು ಮುಂದೆ ಬಂದಿತ್ತು.

"ಆ ದಿನ ಯುವರಾಜರಿಗೆ ಹೆಣ್ಣು ಕೊಡುವ ಬೀಗರು ಅರಮನೆಯ ಕಾಳು ನೋಡಲು ಬಂದು ದೂರದಲ್ಲಿ ಕೂತಿದ್ದರು," ಎಂದಳು ನಿಧಾನವಾಗಿ. "ಒಂದು ದಿನ ಕಾಯಿರಿ ಎಂದು ಅಪ್ಪ ಕೈಮುಗಿದಿದ್ದ. ಹಗ್ಗ ನನ್ನ ಕೈಯಲ್ಲಿತ್ತು. ಕಾಳು ತರಲು ಹೊರಟ ಯುವರಾಜರು ಅರ್ಧ ಇಳಿದು ಮೇಲಕ್ಕೆ ಒಂದು ಮಾತು ಹೇಳಿದರು. ಮೇಲಿನಿಂದ ಒಬ್ಬರು ಮರುಮಾತು ಆಡಿದರು. ಕೇಳಿಸಿಕೊಂಡು ಬದುಕಿರುವವರು ಮೂವರೇ. ಅಪ್ಪ ಅದನ್ನು ಹೇಳಿಲ್ಲ, ನಾನೂ ಹೇಳುವುದಿಲ್ಲ. ಮರುಮಾತು ಆಡಿದವರು ಯಾರೋ ಅವರೇ, ದೊರೆಗಳೇ."

ಕಾವಲಿನವರು ಮುಂದೆ ಬಂದರು. ದೊರೆ ಕೈಯೆತ್ತಿ ತಡೆದ.

"ಬೇಡಿಕೋ," ಎಂದ.

"ಅಪ್ಪನನ್ನು ಕೊಡಿ."

"ಅವನು ನಿನ್ನವನೇ. ಅವನನ್ನು ಕೊಟ್ಟರೆ ಕೊಟ್ಟ ಹಾಗಾಗುವುದಿಲ್ಲ." ಭಟ್ಟರ, ವೈದ್ಯನ ಕಟ್ಟು ಬಿಚ್ಚಿಸಿದ. ಸೆರೆಮನೆಯ ಬೀಗದ ಕೈ ಅವಳಿಗೆ ಕೊಡಿಸಿದ. ಆಮೇಲೆ ಡಂಗುರದವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದ. ಡಂಗುರದವನು ದೊರೆಯ ಮುಖ ನೋಡಿದ. ದೊರೆ ಇನ್ನೊಮ್ಮೆ ಹೇಳಿದ.

ಸೆರೆಯ ಕತ್ತಲಲ್ಲಿ ಹುಲಿಗೆಪ್ಪ ಮಗಳನ್ನು ಕೈಯಿಂದ ಸವರಿ ಗುರುತು ಹಿಡಿದ.

"ಹೇಳಿಬಿಟ್ಟೆಯಾ?"

"ಇಲ್ಲಪ್ಪಾ."

"ಮತ್ತೆ ನನ್ನನ್ನು ಹೇಗೆ ಬಿಟ್ಟರು? ಒಗಟು ಬಿಡಿಸಿದ್ದಕ್ಕೆ ದೊರೆ ಏನು ಕೊಟ್ಟ?"

ದುರುಗವ್ವ ಅವನ ಕೈ ಹಿಡಿದು ಸುಮ್ಮನಿರು ಎಂದಳು. ಗೋಡೆಯಾಚೆ ಡಂಗುರ ಹತ್ತಿರ ಬಂತು.

"ಕೇಳ್ರಪ್ಪೋ ಕೇಳ್ರಿ. ದೊರೆ ಸೋಮನಾಯಕರ ಮಾತು. 'ಅಪ್ಪಾ, ದೀಪ ಆರಿತು' ಎಂದು ನನ್ನ ಮಗ ಹೇಳಿದ. 'ಬೀಗರು ನೋಡುತ್ತಿದ್ದಾರೆ, ಕತ್ತಲಿಗೆ ಹೆದರಬೇಡ, ಇಳಿ' ಎಂದು ನಾನು ಹೇಳಿದೆ."